ಊರಿಗೆ ಹೋಗಿ ತಿಳಿಸ್ತೀವಿ

ಹೆಣ್ಣಿನ ತಂದೆಯಾದವನು ಸೋಫಾದ ತುದಿಯಲ್ಲಿ ಕೂತು, ಎದುರಿಗೆ ಕೂತವರು ನಕ್ಕರೆ ತಾನೂ ನಕ್ಕು, ಅವರು ಕೆಮ್ಮಿದರೆ ನೀರು ತರಲು ಎದ್ದು, ಅವರು ಗೋಡೆ ಕಡೆ ನೋಡಿದರೆ ಬಣ್ಣ ಹೊಡೆಸಬೇಕಿತ್ತೇನೋ ಅಂತ ಪೇಚಾಡುವ ಒಂದು ಭಂಗಿಯಿದೆಯಲ್ಲ, ಅದು ನನ್ನ ಪಾಲಿಗೆ ಬರುವುದಿಲ್ಲ ಎಂದು ನಾನು ಧೈರ್ಯವಾಗಿದ್ದೆ. ಇಪ್ಪತ್ತು ವರ್ಷದಿಂದ ಐರ್ಲೆಂಡಿನಲ್ಲಿದ್ದೇನೆ. ನೇಸ್ ಊರಿನಲ್ಲಿ ಮನೆ. ಬೆಳಿಗ್ಗೆ ಸ್ಯಾಲಿನ್ಸ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಡಬ್ಲಿನ್ ಆಫೀಸಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂರುವುದು, ಸಂಜೆ ಅದೇ ರೈಲಿನಲ್ಲಿ ನಿಂತುಕೊಂಡು ವಾಪಸ್ಸು ಬರುವುದು. ಒಬ್ಬಳೇ ಮಗಳು ಇಂಚರ ಇಲ್ಲೇ ಹುಟ್ಟಿ ಬೆಳೆದವಳು. ಅವಳ ಮದುವೆ ಅವಳೇ ನೋಡಿಕೊಳ್ಳುತ್ತಾಳೆ, ನಮಗೆ ಒಂದು ವಾರ ಮುಂಚೆ ಹೇಳಿದರೆ ಅದೇ ದೊಡ್ಡದು ಅಂತ ನಾನೂ ನನ್ನ ಹೆಂಡತಿ ವೀಣಾನೂ ಎಂದೋ ಒಪ್ಪಂದಕ್ಕೆ ಬಂದಿದ್ದೆವು. ಆದರೆ ಹಣೆಬರಹ ನೋಡಿ. ಕಳೆದ ಆಗಸ್ಟಿನಿಂದ ಅಕ್ಟೋಬರಿನವರೆಗೆ ನಮ್ಮ ಅಡುಗೆಮನೆಯಲ್ಲಿ ಒಂಬತ್ತು ಸಲ ಹೆಣ್ಣು ತೋರಿಸುವ ಶಾಸ್ತ್ರ ನಡೆಯಿತು. ಗಂಡಿಗಲ್ಲ, ಜರ್ಮನಿಯ ಒಂದು ಕೋಣೆಗೆ.

ಇದಕ್ಕೆಲ್ಲ ಮೂಲ ಅವಳ ಸ್ಕೂಲು. ಅಲ್ಲಿ ಆರು ವರ್ಷ ಜರ್ಮನ್ ಕಲಿಸಿದರು. ಕನ್ನಡದಲ್ಲಿ ಏನು ಕೇಳಿದರೂ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಪಕ್ಕಾ ನಮ್ಮ ಕಿಲ್ಡೇರ್ ಜಿಲ್ಲೆಯ ರಾಗದಲ್ಲಿ. ಅಂಥವಳು ಜರ್ಮನ್ ಭಾಷೆಯನ್ನು ತಲೆಯ ಮೇಲೆ ಹೊತ್ತುಕೊಂಡು ಕುಣಿದಳು. ಕ್ರಿಯಾಪದ ವಾಕ್ಯದ ಕೊನೆಗೆ ಹೋಗಿ ಕೂರುತ್ತದೆ, ಎಷ್ಟು ಚಂದ ಅಂತ ಹೊಗಳಿದಳು. ಕನ್ನಡದಲ್ಲೂ ಅಲ್ಲೇ ಕೂರೋದು ಕಣೇ ಅಂದರೆ ಕೇಳಿಸಿಕೊಳ್ಳಲಿಲ್ಲ. ಲೀವಿಂಗ್ ಸರ್ಟ್ ಎಂಬ ಇಲ್ಲಿಯ ಪಿಯುಸಿ ಪರೀಕ್ಷೆ ಮುಗಿದ ಮೇಲೆ, ಜರ್ಮನಿಯ ಫ್ರೈಬುರ್ಗ್ ಎಂಬ ಊರಿಗೆ ಹೋಗಿ ಕಾಡಿನ ಬಗ್ಗೆ ಓದುತ್ತೇನೆ ಅಂದಳು. "ಕಾಡು ಓದೋಕೆ ಅಷ್ಟು ದೂರ ಯಾಕೆ ಪುಟ್ಟಾ?" ಅಂದೆ. "ಬಿಕಾಸ್ ದೇರ್ ಆರ್ ನೋ ಫಾರೆಸ್ಟ್ಸ್ ಇನ್ ಐರ್ಲೆಂಡ್, ಅಪ್ಪಾ," ಅಂದಳು. ಕಿಟಕಿಯಿಂದ ಹೊರಗೆ ನೋಡಿದೆ. ಹುಲ್ಲು, ಕುರಿ, ಮತ್ತೆ ಹುಲ್ಲು. ವಾದ ಮಾಡಲು ಜಾಗವಿರಲಿಲ್ಲ. ಸೀಟು ಸಿಕ್ಕಿತು, ಇಲ್ಲಿಯ ಕಾಲೇಜಿನಲ್ಲಿ ಸಿಕ್ಕಿದ್ದ ಸೀಟನ್ನು ಬಿಟ್ಟುಕೊಟ್ಟಳು. ಇನ್ನು ಉಳಿದಿದ್ದು ಒಂದು ರೂಮು ಹುಡುಕುವುದು ಮಾತ್ರ. "ರೂಮು ತಾನೇ, ಎರಡು ದಿನದ ಕೆಲಸ" ಅಂದವನು ನಾನೇ.

ಆಮೇಲೆ ಗೊತ್ತಾಯಿತು. ಆ ದೇಶದಲ್ಲಿ ವಿಳಾಸವಿಲ್ಲದಿದ್ದರೆ ಮನುಷ್ಯ ಇಲ್ಲ. ವಿಳಾಸ ತೋರಿಸಿ ಊರಿನ ಕಚೇರಿಯಲ್ಲಿ ಹೆಸರು ಬರೆಸದೆ ಅಲ್ಲಿ ಒಂದು ಹುಲ್ಲುಕಡ್ಡಿ ಕದಲುವುದಿಲ್ಲ. ಹಾಸ್ಟೆಲ್ಲಿನವರು ಮುಂದಿನ ವಸಂತದಲ್ಲಿ ವಿಚಾರಿಸಿ ಅಂದರು. ಅಕ್ಟೋಬರ್ ಮಧ್ಯಕ್ಕೆ ಪಾಠ ಶುರು. ಅಷ್ಟರೊಳಗೆ ಕೋಣೆ ಸಿಗದಿದ್ದರೆ ಅಲ್ಲಿಯ ಸೀಟೂ ಹೋಯಿತು, ಇಲ್ಲಿಯದನ್ನು ಆಗಲೇ ಬಿಟ್ಟಾಗಿದೆ, ಒಂದು ವರ್ಷ ಹುಡುಗಿ ಮನೆಯಲ್ಲಿ. ಸರಿ, ಮನೆ ಮಾಲೀಕರ ಕೈಕಾಲು ಹಿಡಿಯೋಣವೆಂದರೆ ಅಲ್ಲಿ ಮಾಲೀಕನ ಮಾತು ನಡೆಯುವುದೇ ಇಲ್ಲವಂತೆ. ಮೂರು ನಾಲ್ಕು ವಿದ್ಯಾರ್ಥಿಗಳು ಸೇರಿ ಒಂದು ಮನೆ ಮಾಡಿರುತ್ತಾರೆ. ಒಬ್ಬರು ಬಿಟ್ಟು ಹೋದರೆ ಆ ಕೋಣೆಗೆ ಯಾರು ಬರಬೇಕು ಅಂತ ಉಳಿದವರು ತೀರ್ಮಾನಿಸುತ್ತಾರೆ. ನೂರಾರು ಜನ ಅರ್ಜಿ ಹಾಕುತ್ತಾರೆ, ಅವರಲ್ಲಿ ಕೆಲವರನ್ನು ಕರೆಸಿ, ಎದುರಿಗೆ ಕೂರಿಸಿಕೊಂಡು, ಸ್ವಭಾವ ಹೇಗೆ, ಅಡುಗೆ ಬರುತ್ತದಾ, ಹಾಡು ಕೇಳುತ್ತೀಯಾ ಅಂತ ಪ್ರಶ್ನೆ ಕೇಳುತ್ತಾರೆ. ದೂರದವರಾದರೆ ವಿಡಿಯೋದಲ್ಲಿ. ಜಾತಕವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನಮ್ಮದೇ ಪದ್ಧತಿ. ಇಷ್ಟು ಗೊತ್ತಾದದ್ದೇ ತಡ, ನನಗೆ ಮೈಮೇಲೆ ಏನೋ ಬಂದ ಹಾಗಾಯಿತು. ಇದು ನನಗೆ ಬರುವ ವಿದ್ಯೆ ಎಂದುಕೊಂಡೆ.

ಅವಳು ಬರೆದಿಟ್ಟಿದ್ದ ಪರಿಚಯ ಪತ್ರ ನೋಡಿ ಗಾಬರಿಯಾಯಿತು. ನಾನು ಬೆಳಿಗ್ಗೆ ಬೇಗ ಏಳುವುದಿಲ್ಲ, ಸಾಮಾನು ಅಲ್ಲಲ್ಲೇ ಬಿಡುತ್ತೇನೆ, ಅಣಬೆ ಹುಡುಕಿಕೊಂಡು ಅಲೆಯುವುದು ಇಷ್ಟ ಅಂತೆಲ್ಲ ಬರೆದಿದ್ದಳು. ಒಳ್ಳೆಯ ಮನೆತನದ ಹುಡುಗಿ ತನ್ನ ಬಗ್ಗೆ ಹೀಗೆ ಬರೆದುಕೊಳ್ಳುತ್ತಾಳೆಯೇ? ಅವಳು ಹಾಕಿ ಆಟಕ್ಕೆ ಹೋಗಿದ್ದಾಗ ಕೂತು ತಿದ್ದಿದೆ. ತಂದೆ ಸಾಫ್ಟ್‌ವೇರ್, ತಾಯಿ ಆಸ್ಪತ್ರೆಯಲ್ಲಿ ಹಿರಿಯ ನರ್ಸ್, ಸ್ವಂತ ಮನೆ, ಹುಡುಗಿ ಶಾಂತ ಸ್ವಭಾವದವಳು, ಹೊಂದಿಕೊಂಡು ಹೋಗುವವಳು, ಶುದ್ಧ ಸಸ್ಯಾಹಾರಿ, ಕೇಕಿನಲ್ಲಿ ಮೊಟ್ಟೆ ಇದ್ದರೆ ತೊಂದರೆಯಿಲ್ಲ. ಅವಳ ಖಾತೆಯಿಂದಲೇ ಮೂರು ಮನೆಗೆ ಕಳಿಸಿಯೂಬಿಟ್ಟೆ. ಎರಡು ಮನೆಯವರು ಉತ್ತರಿಸಲಿಲ್ಲ. ಮೂರನೆಯವರು, "ಇಂಚರಳ ತಂದೆಯವರೇ, ಕೋಣೆ ಬೇಕಿರುವುದು ಅವಳಿಗೋ ನಿಮಗೋ?" ಎಂದು ಬಹಳ ಸಭ್ಯವಾಗಿ ಕೇಳಿದ್ದರು. ಅವಳು ಪಾಸ್‌ವರ್ಡ್ ಬದಲಾಯಿಸಿದಳು.

ಮೊದಲ ಸಂದರ್ಶನದ ದಿನ ವೀಣಾ ಆಸ್ಪತ್ರೆಗೆ ರಜೆ ಹಾಕಿ ಉಪ್ಪಿಟ್ಟು ಮಾಡಿದಳು. "ಅವರಿರೋದು ಫ್ರೈಬುರ್ಗ್‌ನಲ್ಲಿ. ಉಪ್ಪಿಟ್ಟು ಯಾರಿಗೆ?" ಅಂದೆ. "ಸುಮ್ನಿರಿ, ನಂಗೆ ಕೈ ಕಾಲು ಆಡ್ತಿಲ್ಲ, ಏನಾದ್ರೂ ಮಾಡ್ತಿರ್ಬೇಕು" ಅಂದಳು. ನಮ್ಮ ಮನೆಯ ವೈಫೈ ಅಡುಗೆಮನೆಯ ಮೇಜಿನ ಒಂದು ಮೂಲೆಯಲ್ಲಿ ಮಾತ್ರ ಸರಿಯಾಗಿ ಸಿಗುವುದರಿಂದ ಇಂಚರ ಅಲ್ಲೇ ಕೂತಿದ್ದಳು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಫ್ರಿಜ್ ಪಕ್ಕದಲ್ಲಿ, ಕ್ಯಾಮೆರಾಗೆ ಕಾಣುವುದಿಲ್ಲ ಎಂದುಕೊಂಡ ಜಾಗದಲ್ಲಿ ಕೂತೆ. ಕಾಣುತ್ತಿತ್ತಂತೆ. ಆ ಕಡೆ ಮೂವರು ಇದ್ದರು. ಜರ್ಮನ್‌ನಲ್ಲಿ ಶುರು ಮಾಡಿದವರು, ಹಿಂದೆ ಯಾರೋ ಹಿರಿಯರು ತಲೆಯಾಡಿಸುತ್ತಿರುವುದು ಕಂಡು ಮರ್ಯಾದೆಗೆ ಇಂಗ್ಲಿಷಿಗೆ ತಿರುಗಿದರು. ಕೋಪ ಬಂದರೆ ನೀನು ಏನು ಮಾಡುತ್ತೀಯಾ ಅಂತ ಒಬ್ಬ ಹುಡುಗ ಕೇಳಿದ. ಅವಳು ಬಾಯಿ ತೆರೆಯುವ ಮುಂಚೆಯೇ ನಾನು, "ಅವಳಿಗೆ ಕೋಪವೇ ಬರೋದಿಲ್ಲ" ಅಂದೆ. ಅವಳು ತಿರುಗಿ ನನ್ನನ್ನು ನೋಡಿದಳು. ಬರುವುದೇ ಇಲ್ಲವೆಂದ ಕೋಪವನ್ನು ಆ ಮೂವರೂ ಚೆನ್ನಾಗಿ ನೋಡಿದರು. ಸ್ನೇಹಿತರು ಮನೆಗೆ ಬರುತ್ತಾರಾ ಅಂತ ಇನ್ನೊಬ್ಬಳು ಕೇಳಿದಳು. "ಯಾರೂ ಬರಲ್ಲ, ಇವಳು ರೂಮು ಬಿಟ್ಟು ಆಚೆಗೇ ಬರಲ್ಲ" ಅಂತ ಹೆಮ್ಮೆಯಿಂದ ಹೇಳಿದೆ. ನಮ್ಮ ಕಡೆ ಇಷ್ಟು ಹೇಳಿದರೆ ತಾಂಬೂಲ ಬದಲಾಯಿಸಿಬಿಡುತ್ತಾರೆ. ಅವರು ಮಾತ್ರ ಹುಡುಗಿಗೆ ಏನೋ ಕಾಯಿಲೆಯಿದೆ ಎನ್ನುವಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೂ ಕೆಲವರನ್ನು ನೋಡುವುದಿದೆ, ಆಮೇಲೆ ತಿಳಿಸುತ್ತೇವೆ ಅಂದರು. ತಿಳಿಸಲಿಲ್ಲ.

ಈ ಆಮೇಲೆ ತಿಳಿಸುತ್ತೇವೆ ಎನ್ನುವ ಮಾತು ನನಗೆ ಹೊಸದಲ್ಲ. ಅದನ್ನು ನಾನೇ ಆಡಿದ್ದೇನೆ, ಅಥವಾ ನನ್ನ ಪರವಾಗಿ ನಮ್ಮ ಚಿಕ್ಕಪ್ಪ ಆಡಿದ್ದಾರೆ. ನಮ್ಮೂರು ಅರಸೀಕೆರೆ. ವೀಣಾಳನ್ನು ನೋಡುವ ಒಂದು ವರ್ಷ ಮುಂಚೆ ಕಡೂರಿಗೆ ಒಂದು ಹೆಣ್ಣು ನೋಡಲು ಹೋಗಿದ್ದೆವು. ತಂದೆ ಸ್ಕೂಲು ಮೇಷ್ಟ್ರು. ಉಪ್ಪಿಟ್ಟು, ಕೇಸರಿಬಾತು. ನಾನು ಎರಡು ತಟ್ಟೆ ಉಪ್ಪಿಟ್ಟು ತಿಂದೆ. ಹುಡುಗಿ ಬಂದು ಕೂತಳು, ಯಾವುದೋ ಪರೀಕ್ಷೆಗೆ ಓದುತ್ತಿದ್ದೇನೆ ಅಂದಳು, ನಾನು ಒಳ್ಳೇದು ಅಂದೆ. ಚಿಕ್ಕಪ್ಪ, "ಊರಿಗೆ ಹೋಗಿ ತಿಳಿಸ್ತೀವಿ ಮೇಷ್ಟ್ರೇ" ಅಂದರು. ಮೇಷ್ಟ್ರು ಬಸ್‌ಸ್ಟ್ಯಾಂಡಿನ ತನಕ ಬಂದು, ನಮ್ಮನ್ನು ಹತ್ತಿಸಿ, ಬಸ್ಸು ಹೊರಡುವ ತನಕ ಕಿಟಕಿಯ ಹತ್ತಿರವೇ ನಿಂತಿದ್ದರು. ಊರಿಗೆ ಹೋದೆವು. ತಿಳಿಸಲಿಲ್ಲ. ಇದನ್ನು ಒಂದು ದಿನ ಊಟದ ಹೊತ್ತಿನಲ್ಲಿ, ಜರ್ಮನರ ಅನ್ಯಾಯಕ್ಕೆ ಉದಾಹರಣೆಯಾಗಿ ಹೇಳಲು ಹೋಗಿ, ಅರ್ಧದಲ್ಲಿ ನನ್ನ ತಪ್ಪು ನನಗೇ ಹೊಳೆದು ಮಾತು ನುಂಗಿಕೊಂಡೆ. ವೀಣಾ ಬಿಡಲಿಲ್ಲ, ಪೂರ್ತಿ ಕತೆ ಕಕ್ಕಿಸಿದಳು. "ನಿಮಗೆ ಹೀಗೇ ಆಗ್ಬೇಕು" ಅಂದಳು. ಇಂಚರ ಪೂರ್ತಿ ಕೇಳಿಸಿಕೊಂಡು ತಟ್ಟೆ ಎತ್ತಿಕೊಂಡು ಹೋದಳು.

ಎರಡು, ಮೂರು, ನಾಲ್ಕು, ಐದನೆಯ ಮನೆಯೂ ಆಯಿತು. ಬೆಳಿಗ್ಗೆ ಬೇಗ ಏಳುವವಳೇ ಬೇಕು ಅಂದರು ಒಬ್ಬರು, ಮಾಂಸ ಬೇಯಿಸುವ ಪಾತ್ರೆಯ ವಿಷಯಕ್ಕೆ ಚರ್ಚೆಯಾಗಬೇಕು ಅಂದರು ಇನ್ನೊಬ್ಬರು. ಪಕ್ಕದ ಮನೆಯ ಬ್ರೀಡಾ ಅಜ್ಜಿ ಕಂಡಾಗಲೆಲ್ಲ, "ಆಹ್, ಶೀ ವಿಲ್ ಬಿ ಗ್ರ್ಯಾಂಡ್" ಅನ್ನುತ್ತಿದ್ದರು. ಎಲ್ಲ ಸರಿಯಿದೆ ಎನ್ನುವುದಕ್ಕೆ ಇಲ್ಲಿಯವರು ಬಳಸುವ ಈ ಗ್ರ್ಯಾಂಡ್ ಎಂಬ ಪದ ಕೇಳಿದರೆ ಈಗೀಗ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಈ ದೇಶದಲ್ಲಿ ಚಾವಣಿ ಸೋರಿದರೂ ಗ್ರ್ಯಾಂಡ್, ರೈಲು ರದ್ದಾದರೂ ಗ್ರ್ಯಾಂಡ್. ಇಷ್ಟು ವರ್ಷ ಇಲ್ಲಿದ್ದು ನನಗೂ ಆ ಚಟ ಅಂಟಿಕೊಂಡು, ಒಂದು ದಿನ ಅಳುಮುಖ ಮಾಡಿಕೊಂಡು ಕೂತಿದ್ದ ಮಗಳಿಗೆ, "ಎಲ್ಲಾ ಗ್ರ್ಯಾಂಡ್ ಆಗುತ್ತೆ ಬಿಡು ಪುಟ್ಟಾ" ಅಂದುಬಿಟ್ಟೆ. ಅವಳು ಎದ್ದು ಹೋದಳು.

ಆರನೆಯ ಮನೆಯವರಿಗೆ ಇಂಚರ ಹಿಡಿಸಿದಳು. ಅವಳನ್ನು ಎರಡನೇ ಸಲ ಕರೆದರು, ಕೋಣೆಯನ್ನು ಫೋನಿನಲ್ಲಿ ಸುತ್ತಾಡಿಸಿ ತೋರಿಸಿದರು, ಸೋಮವಾರ ಹೇಳುತ್ತೇವೆ ಅಂದರು. ಹೆಚ್ಚುಕಡಿಮೆ ನಿಶ್ಚಯವಾದ ಹಾಗೇ. ಆ ಮನೆಯಲ್ಲಿದ್ದವರು ಇಬ್ಬರು ಹುಡುಗರು. ವೀಣಾ ಮೆಲ್ಲಗೆ, "ಹುಡುಗರು ಹೇಗೋ ಏನೋ, ಯಾರನ್ನಾದ್ರೂ ಕೇಳ್ಬೇಕಲ್ವಾ?" ಅಂದಳು. ಕೇಳಬೇಕು. ಸಂಬಂಧ ಬೆಳೆಸುವ ಮುಂಚೆ ಅಕ್ಕಪಕ್ಕದಲ್ಲಿ ವಿಚಾರಿಸುವುದು ನಮ್ಮಲ್ಲಿ ತಲೆತಲಾಂತರದಿಂದ ಬಂದದ್ದು. ಐರ್ಲೆಂಡಿನದೇ ಅತ್ಲೋನ್ ಊರಿನಲ್ಲಿ ಕೆಲಸ ಮಾಡುವ ನನ್ನ ಗೆಳೆಯ ಇಮ್ತಿಯಾಜ್‌ಗೆ ಫೋನ್ ಮಾಡಿದೆ. ಹುಬ್ಬಳ್ಳಿಯವನು. "ಏನಪಾ, ನೀ ಖೋಲಿ ಹುಡುಕಾಕತ್ತೀಯೋ, ಬೀಗರನ್ನ ಹುಡುಕಾಕತ್ತೀಯೋ?" ಅಂತ ಹೊಟ್ಟೆ ಹಿಡಿದು ನಕ್ಕ. ನಕ್ಕು ಮುಗಿದ ಮೇಲೆ, "ತಡಿ, ನಮ್ಮ ಅಕ್ಕನ ಮಗ ರಿಯಾಜ್ ಜರ್ಮನಿಯೊಳಗ, ಆ ಊರಿಂದ ಎರಡು ತಾಸಿನ ಹಾದಿಯೊಳಗ ಅದಾನ, ಶನಿವಾರ ಕಳಸ್ತೀನಿ" ಅಂದ. ತಮಾಷೆ ಮಾಡಿದರೇನು, ಅವನೂ ಎರಡು ಹೆಣ್ಣುಮಕ್ಕಳ ತಂದೆ.

ರಿಯಾಜ್ ಒಳ್ಳೆಯ ಹುಡುಗ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವನು. ಶನಿವಾರ ಬೆಳಿಗ್ಗೆ ರೈಲಿನಲ್ಲಿ ಹೋಗಿ, ಆ ಕಟ್ಟಡ ಹುಡುಕಿ, ನೆಲಮಹಡಿಯ ಮನೆಯ ಗಂಟೆ ಒತ್ತಿದ. ವಯಸ್ಸಾದ ಹೆಂಗಸು ಬಾಗಿಲು ತೆರೆದರು. ಮೇಲಿನ ಮನೆ ಹುಡುಗರು ಹೇಗೆ, ಕುಡಿಯುತ್ತಾರಾ, ಯಾವ ಹೊತ್ತಿಗೆ ಮನೆ ಸೇರುತ್ತಾರೆ, ಅಪ್ಪ ಅಮ್ಮ ಬಂದು ಹೋಗಿ ಮಾಡುತ್ತಾರಾ ಅಂತ ಕೇಳಿದ. ನಮ್ಮ ಕಡೆಯ ವಠಾರವಾಗಿದ್ದರೆ ಆಕೆ ಒಳಗೆ ಕರೆದು, ಕಾಫಿ ಕೊಟ್ಟು, ಹುಡುಗರ ಅಜ್ಜನ ಕಾಲದಿಂದ ಶುರು ಮಾಡುತ್ತಿದ್ದರು. ಈಕೆ ಕನ್ನಡಕ ತಂದು, ಅವನ ಹೆಸರು ಬರೆದುಕೊಂಡು, ಬಾಗಿಲು ಹಾಕಿಕೊಂಡು, ಐದು ನಿಮಿಷದ ಮೇಲೆ ಆಚೆ ಬಂದು, ಅಪರಿಚಿತನೊಬ್ಬ ಬಾಡಿಗೆದಾರರ ವಿಷಯ ಸಂಗ್ರಹಿಸುತ್ತಿದ್ದಾನೆ, ಎಚ್ಚರಿಕೆ ಎಂದು ಮೆಟ್ಟಿಲ ಬಳಿ ಚೀಟಿ ಅಂಟಿಸಿದರು. ಕೆಳಗಿಳಿದು ಬಂದು ಅದನ್ನು ಓದುತ್ತಿದ್ದ ಮೇಲಿನ ಮನೆಯ ಹುಡುಗರಿಗೆ, ಇನ್ನೂ ಕಟ್ಟಡದ ಬಾಗಿಲಲ್ಲೇ ನಿಂತಿದ್ದ ರಿಯಾಜ್ ಸಿಕ್ಕಿದ. ಯಾರು ಕಳಿಸಿದ್ದು ಅಂದರು. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಐರ್ಲೆಂಡಿನಿಂದ ಹುಡುಗಿಯ ತಂದೆ" ಅಂದ.

ಸೋಮವಾರ ಪತ್ರ ಬಂತು. ಅಂಶಗಳಿಗೆ ನಂಬರು ಹಾಕಿ ಬರೆದಿದ್ದರು. ಮೊದಲನೆಯದರಲ್ಲಿ ಇಂಚರಳನ್ನು ಹೊಗಳಿದ್ದರು, ಎರಡನೆಯದರಲ್ಲಿ ವಿಷಾದಿಸಿದ್ದರು, ಮೂರರಿಂದ ಏಳರವರೆಗೆ ನಾನಿದ್ದೆ. ಇಂಚರ ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಐದನೇ ದಿನ ಮಾತಾಡಿದಳು, ಅದಕ್ಕಿಂತ ಆ ನಾಲ್ಕು ದಿನವೇ ವಾಸಿಯಾಗಿತ್ತು. "ವಿಚಾರಿಸೋದು ತಪ್ಪಾ? ನಿಮ್ಮಮ್ಮನೇ ಹೇಳಿದ್ದು" ಅಂತ ನಾನು ರೇಗಿದೆ. "ಕೇಳ್ಬೇಕಲ್ವಾ ಅಂದೆ, ಕೇಳಿ ಅಂದ್ನಾ?" ಅಂತ ವೀಣಾ ಒಂದೇ ಏಟಿಗೆ ಪಕ್ಷಾಂತರ ಮಾಡಿದಳು. ಅತ್ತ ಇಮ್ತಿಯಾಜ್, ತನ್ನ ಅಕ್ಕನ ಮಗನ ಹೆಸರು ಯಾರ ಕೈಗೋ ಸಿಕ್ಕಿತು ಅಂತ ನನ್ನ ಮೇಲೆಯೇ ಹಾರಾಡಿದ. ಒಬ್ಬ ಮನುಷ್ಯ ಮಗಳಿಗಾಗಿ ಎಷ್ಟು ಕಡೆಯಿಂದ ಬೈಸಿಕೊಳ್ಳಬೇಕು, ಹೇಳಿ.

ಏಳನೆಯ ಮನೆಯವರ ಮುಂದೆ ನಾನು ಒಂದು ಸಲ ಕೆಮ್ಮಿದ್ದು ಬಿಟ್ಟರೆ ಏನೂ ಮಾಡಲಿಲ್ಲ. ಎಂಟನೆಯವರ ಮುಂದೆ ಕೆಮ್ಮಲೂ ಇಲ್ಲ. ಎರಡೂ ಕಡೆ ಆಗಲಿಲ್ಲ. ಪಾಠ ಶುರುವಾಗಲು ಹತ್ತು ದಿನ ಇತ್ತು. ಒಂದು ಸಂಜೆ ಆಫೀಸಿನಿಂದ ಬಂದು ನೋಡಿದರೆ, ಇಂಚರ ನೆಲದ ಮೇಲೆ ಕೂತು ತನ್ನ ಜರ್ಮನ್ ಪುಸ್ತಕಗಳನ್ನೆಲ್ಲ ಹಳೇ ಸಾಮಾನು ದಾನ ಪಡೆದು ಮಾರುವ ಅಂಗಡಿಗೆ ಕೊಡಲು ಡಬ್ಬಕ್ಕೆ ತುಂಬುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ. ಅವಳು ತಲೆಯೆತ್ತದೆ, "ಈಸ್ ದೇರ್ ಸಮ್‌ಥಿಂಗ್ ರಾಂಗ್ ವಿತ್ ಮೀ, ಅಪ್ಪಾ?" ಅಂದಳು. ನನ್ನಲ್ಲೇನಾದರೂ ಊನವಿದೆಯಾ ಅಂತ. ಎಂಟು ಮನೆಯವರು ನೋಡಿ ಬೇಡ ಅಂದರೆ ಯಾವ ಮಗುವಾದರೂ ಹೀಗೇ ತಾನೇ ಕೇಳುವುದು. ಕಡೂರಿನ ಆ ಹುಡುಗಿ, ನಾವು ತಿಳಿಸದೇ ಹೋದ ಮೇಲೆ ಒಂದು ಸಂಜೆ ತನ್ನ ಅಪ್ಪನನ್ನು ಇದೇ ಕೇಳಿರಬಹುದು ಅಂತ ನನಗೆ ಅಲ್ಲಿಯವರೆಗೆ ಒಂದು ಸಲವೂ ಹೊಳೆದಿರಲಿಲ್ಲ. ಅವಳಲ್ಲಿ ಊನವೇನೂ ಇರಲಿಲ್ಲ. ನನಗೆ ಯಾಕೆ ಬೇಡವಾಯಿತು ಎಂಬುದು ಈಗ ನನಗೇ ನೆನಪಿಲ್ಲ. ಉಪ್ಪಿಟ್ಟು ಮಾತ್ರ ನೆನಪಿದೆ. ಇಷ್ಟನ್ನೂ ಮಗಳಿಗೆ ಹೇಳಬೇಕಿತ್ತು. "ಊನ ಇರೋದು ನಿಮ್ಮಪ್ಪನಲ್ಲಿ" ಅಂತ ಮಾತ್ರ ಹೇಳಿ, ಡಬ್ಬದಿಂದ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ವಾಪಸ್ಸು ಜೋಡಿಸಿದೆ.

ಒಂಬತ್ತನೆಯ ಸಂದರ್ಶನದ ದಿನ ಯಾರೂ ಹೇಳದೆಯೇ ಕಾರಿನ ಕೀಲಿ ತೆಗೆದುಕೊಂಡು ಆಚೆ ಹೋದೆ. ಮನೆಯ ಮುಂದೆಯೇ ಕಾರಿನಲ್ಲಿ ಕೂತೆ. ಫೋನನ್ನು ಒಳಗೇ ಬಿಟ್ಟಿದ್ದೆ. ಮಳೆ ಬರುತ್ತಿತ್ತು. ಅರ್ಧ ಗಂಟೆಯಾಯಿತು, ಮುಕ್ಕಾಲಾಯಿತು. ಬ್ರೀಡಾ ಅಜ್ಜಿ ಕೊಡೆ ಹಿಡಿದು ಬಂದು ಗಾಜು ತಟ್ಟಿ, ಹೆಂಡತಿ ಆಚೆ ಹಾಕಿದಳಾ ಅಂತ ಕೇಳಿದರು. ಗ್ರ್ಯಾಂಡ್ ಅಂದೆ. ಒಂದೂವರೆ ಗಂಟೆಯ ಮೇಲೆ ವೀಣಾ ಬಾಗಿಲಲ್ಲಿ ಕಾಣಿಸಿಕೊಂಡು ಎರಡೂ ಕೈ ಬೀಸಿದಳು. ಆಗಿಹೋಗಿತ್ತು. ಆಮೇಲೆ ತಿಳಿಸುತ್ತೇವೆ ಎನ್ನದೆ ಅಲ್ಲೇ, ಆಗಲೇ, ಬಾ ಅಂದಿದ್ದರು. ನಾನು ಎದುರಿಗಿಲ್ಲದಿದ್ದರೆ ಎಲ್ಲ ಸುಸೂತ್ರ ಅಂತ ಸಮಾಧಾನವೂ ಅವಮಾನವೂ ಒಟ್ಟಿಗೇ ಆಗುತ್ತಿರುವಾಗ ವೀಣಾ ನಗುತ್ತಾ ಒಳಗುಟ್ಟು ಹೇಳಿದಳು. ನಿನ್ನ ಜೊತೆ ಬಾಳುವುದಕ್ಕೆ ನಮಗೆ ಕಷ್ಟವಾಗುವ ಒಂದು ಸಂಗತಿ ಹೇಳು ಅಂತ ಅವರು ಕೇಳಿದರಂತೆ. ಇಂಚರ ಯೋಚನೆಯನ್ನೇ ಮಾಡದೆ, "ನನ್ನ ಅಪ್ಪ" ಅಂದಳಂತೆ. ಆಮೇಲೆ ನಾನು ತಿದ್ದಿದ ಬಯೋಡಾಟಾ, ಬರದೇ ಇರುವ ಕೋಪ, ರಿಯಾಜ್, ನೆಲಮಹಡಿಯ ಅಜ್ಜಿ ಎಲ್ಲ ಒಂದೂ ಬಿಡದೆ ಹೇಳಿದಳಂತೆ. ಅವರು ನಗುವುದು ನಿಲ್ಲಿಸಲು ಹೊತ್ತಾಯಿತು, ತಡವಾಗಿದ್ದು ಅದಕ್ಕೆ. ನನ್ನ ಮರ್ಯಾದೆ ಹೋಗಿ ಮಗಳ ಕೋಣೆ ಬಂತು. ಇರಲಿ, ಬಂತಲ್ಲ.

ಫೆಬ್ರವರಿಯಲ್ಲಿ ಅವಳನ್ನು ನೋಡಿಕೊಂಡು ಬರಲು ನಾನೊಬ್ಬನೇ ಫ್ರೈಬುರ್ಗ್‌ಗೆ ಹೋದೆ. ವೀಣಾ ಚಟ್ನಿಪುಡಿ, ಕೋಡುಬಳೆ ಕಟ್ಟಿಕೊಟ್ಟಿದ್ದಳು. ಮೂರನೇ ಮಹಡಿ, ಲಿಫ್ಟಿಲ್ಲ. ಒಳಗೆ ಕಾಲಿಟ್ಟು ಚೀಲ ಇಳಿಸುವ ಮುಂಚೆ ಇಂಚರ ಸಂಕೋಚದಿಂದ ವಿಷಯ ಹೇಳಿದಳು. ಎರಡು ದಿನಕ್ಕಿಂತ ಹೆಚ್ಚು ಉಳಿಯುವ ಅತಿಥಿಗೆ ಮನೆಯವರೆಲ್ಲರ ಒಪ್ಪಿಗೆ ಬೇಕು. ನಾನು ನಾಲ್ಕು ದಿನಕ್ಕೆ ಬಂದಿದ್ದೆ. ಅಡುಗೆಮನೆಯಲ್ಲಿ ಒಂದು ಕುರ್ಚಿ ಹಾಕಿ ನನ್ನನ್ನು ಕೂರಿಸಿದರು. ಎದುರಿಗೆ ಹಾನಾ ಎಂಬ ಎತ್ತರದ ಹುಡುಗಿ, ಯಾಕೋಬ್ ಎಂಬ ಗಡ್ಡದ ಹುಡುಗ, ಅವರ ಪಕ್ಕದಲ್ಲಿ ನನ್ನ ಮಗಳು. ನನಗೆ ಗೊತ್ತಿಲ್ಲದೆಯೇ ಅಂಗಿ ಎಳೆದು ಸರಿಮಾಡಿಕೊಂಡೆ. ಮುಂದೆ ಒಂದು ತಟ್ಟೆ ಕೇಕು ಇಟ್ಟರು. ಗಂಟಲಲ್ಲಿ ಇಳಿಯಲಿಲ್ಲ. ಹೆಣ್ಣು ನೋಡಲು ಹೋದವನು ಎರಡು ತಟ್ಟೆ ತಿನ್ನಬಲ್ಲ, ನೋಡಿಸಿಕೊಳ್ಳುವವನಿಗೆ ಒಂದು ತುಣುಕೂ ಸೇರುವುದಿಲ್ಲ ಎಂಬುದು ಅವತ್ತು ತಿಳಿಯಿತು.

"ಗೊರಕೆ ಹೊಡೆಯುತ್ತೀರಾ?" ಅಂತ ಹಾನಾ ಕೇಳಿದಳು. ಇಲ್ಲ ಅಂದೆ. ಹೊಡೆಯುತ್ತಾರೆ ಅಂತ ಇಂಚರ ತಿದ್ದಿದಳು. ಪಾತ್ರೆ ತೊಳೆಯುತ್ತೀರಾ ಅಂತ ಯಾಕೋಬ್ ಕೇಳಿದ. ತೊಳೆಯುತ್ತೇನೆ ಅಂದೆ, ಈ ಸಲ ಮಗಳು ತಿದ್ದಲಿಲ್ಲ. ಕೋಪ ಬಂದರೆ ಏನು ಮಾಡುತ್ತೀರಿ ಅಂದರು. "ನನಗೆ ಕೋಪವೇ ಬರೋದಿಲ್ಲ" ಅಂದೆ. ಮೂವರೂ ಬಿದ್ದು ಬಿದ್ದು ನಕ್ಕರು. ನಕ್ಕರೂ ಜರ್ಮನರು ಪದ್ಧತಿ ಬಿಡುವವರಲ್ಲ, ತೀರ್ಮಾನ ಮಾಡಲು ಎದ್ದು ಪಕ್ಕದ ಕೋಣೆಗೆ ಹೋದರು. ಕೊನೆಯಲ್ಲಿ ಹೋದವಳು ಇಂಚರ. ಬಾಗಿಲಲ್ಲಿ ನಿಂತು ತಿರುಗಿದಳು. ಹುಟ್ಟಿದಾಗಿನಿಂದ ನನಗೆ ಒಂದೇ ಒಂದು ಪೂರ್ತಿ ಕನ್ನಡ ವಾಕ್ಯದಲ್ಲಿ ಉತ್ತರ ಕೊಡದಿದ್ದವಳು, ಕಿಲ್ಡೇರ್ ರಾಗದಲ್ಲಿ, ಒಂದಕ್ಷರವೂ ತಪ್ಪದೆ, "ಊರಿಗೆ ಹೋಗಿ ತಿಳಿಸ್ತೀವಿ, ಅಪ್ಪಾ" ಅಂದು ಬಾಗಿಲು ಹಾಕಿಕೊಂಡಳು.

ಒಬ್ಬನೇ ಕೂತೆ. ಒಳಗಿನಿಂದ ಪಿಸುಮಾತು ಕೇಳುತ್ತಿತ್ತು, ಭಾಷೆ ತಿಳಿಯುತ್ತಿರಲಿಲ್ಲ. ನಕ್ಕೆ, ಆಮೇಲೆ ನಗು ನಿಂತಿತು. ಚೀಲ ಇನ್ನೂ ನನ್ನ ಕಾಲ ಹತ್ತಿರವೇ ಇತ್ತು. ಕಿಟಕಿಯ ಕೆಳಗೆ ಯಾವುದೋ ಬಸ್ಸು ಬಂದು ನಿಂತು, ಜನ ಹತ್ತಿಸಿಕೊಂಡು ಹೊರಟುಹೋಯಿತು. ಮೇಷ್ಟ್ರೇ, ನಿಮ್ಮ ಮಗಳಲ್ಲಿ ಏನೂ ಊನವಿರಲಿಲ್ಲ. ಉಪ್ಪಿಟ್ಟೂ ಚೆನ್ನಾಗಿತ್ತು. ತಿಳಿಸುವುದು ಸ್ವಲ್ಪ ತಡವಾಯಿತು.